ಡ್ಯೂನಾಕ್ಕೆ ಪ್ರೋಬ್ ಇಳಿಸಿದ್ದು ಮೂರು ಥರ: ಕಾಮ್‌ನೆಟ್, ರಿಮೋಟ್‌ಟೆಕ್, ಕೆಓಎಸ್

ಚಿಕ್ಕದೊಂದು ಬಾಹ್ಯಾಕಾಶ ಗೇಮ್ ಮಾಡುವ ಹುಚ್ಚು ನನಗೆ. ದೂರದ ಪ್ರೋಬನ್ನು ಆಟಗಾರ ಹೇಗೆ ನಡೆಸಬೇಕು ಅನ್ನುವುದೇ ಬಗೆಹರಿಯುತ್ತಿರಲಿಲ್ಲ. ಅದಕ್ಕೇ ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಗೇಮ್ ಕರ್ಬಲ್ ಸ್ಪೇಸ್ ಪ್ರೋಗ್ರಾಂನಲ್ಲಿ ಒಂದೇ ಕೆಲಸವನ್ನು ಮೂರು ಥರ ಮಾಡಿ ನೋಡಿದೆ: ಆ ಗೇಮ್‌ನಲ್ಲಿ ಮಂಗಳದ ಹಾಗಿರುವ ಡ್ಯೂನಾ ಗ್ರಹದ ಮೇಲೆ, ಒಳಗೆ ಯಾರೂ ಇಲ್ಲದ ಪ್ರೋಬ್ ಇಳಿಸುವುದು.

ಮೊದಲಿಗೆ ಗೇಮ್‌ನಲ್ಲೇ ಇರುವ ಸಂಪರ್ಕ ವ್ಯವಸ್ಥೆ, ಕಾಮ್‌ನೆಟ್. 2016ರಲ್ಲಿ 1.2 ಆವೃತ್ತಿಯ ಜೊತೆ ಬಂದದ್ದು. ಆಂಟೆನಾವನ್ನು ಯಾವ ಕಡೆಗೂ ತಿರುಗಿಸಬೇಕಿಲ್ಲ. ಎರಡು ತುದಿಯ ಆಂಟೆನಾಗಳ ಶಕ್ತಿ ಗುಣಿಸಿ ವರ್ಗಮೂಲ ತೆಗೆದರೆ ಸಿಗ್ನಲ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಗೊತ್ತಾಗುತ್ತದೆ. ಪ್ರೋಬ್ ಗ್ರಹದ ಹಿಂದೆ ಸರಿದರೆ ಸಂಪರ್ಕ ಕಟ್, ಅದಕ್ಕೆ ಸಿಗ್ನಲ್ ದಾಟಿಸುವ ಒಂದೆರಡು ರಿಲೇ ಉಪಗ್ರಹ ಬಿಟ್ಟರಾಯಿತು. ಸಿಗ್ನಲ್ ತಡವಾಗುವ ಮಾತೇ ಇಲ್ಲ. ಮೊದಲ ಸಲಕ್ಕೇ ಇಳಿಸಿದೆ. ಖುಷಿಯೇನೋ ಆಯಿತು, ಆದರೆ ಡ್ಯೂನಾ ಪಕ್ಕದ ಬೀದಿಯಲ್ಲೇ ಇದೆ ಅನ್ನಿಸಿತು.

ರಿಮೋಟ್‌ಟೆಕ್ ಒಂದು ಮಾಡ್, ಅಂದರೆ ಗೇಮ್‌ಗೆ ಬೇರೆಯವರು ಮಾಡಿದ ಸೇರ್ಪಡೆ. ಅದನ್ನು ಹಾಕಿದ ಮೇಲೆ ಆಟವೇ ಬೇರೆ. ಡಿಶ್ ಯಾವ ಗ್ರಹದ ಕಡೆ ನೋಡಬೇಕೆಂದು ನಾವೇ ಹೇಳಬೇಕು. ಆಂಟೆನಾ ಸದಾ ಕರೆಂಟ್ ತಿನ್ನುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಡುವುದು ಬೆಳಕಿನ ವೇಗದ ಲೆಕ್ಕದಲ್ಲಿ ಆಗುವ ತಡ. ನಾನು ಇಳಿಸಿದ ದಿನ ಅದು 58 ಸೆಕೆಂಡ್. ಪ್ಯಾರಾಚೂಟನ್ನು ಮೊದಲೇ ಸಿದ್ಧ ಮಾಡಿಟ್ಟಿದ್ದೆ, ಅದು ತಾನಾಗಿ ಬಿಚ್ಚಿಕೊಂಡಿತು. ಆದರೆ ಡ್ಯೂನಾದ ಗಾಳಿ ತೆಳು, ಕೊನೆಯಲ್ಲಿ ಎಂಜಿನ್ ಉರಿಸದೆ ನನ್ನ ಭಾರದ ಪ್ರೋಬ್ ನಿಲ್ಲುತ್ತಿರಲಿಲ್ಲ. ಅಂದಾಜು ಹಾಕಿ ಆಜ್ಞೆ ಕಳಿಸಿದೆ. ಆಜ್ಞೆ ತಲುಪಲು ಪರದೆಯ ಮೇಲೆ ಎಣಿಕೆ 5, 4, 3... ಅಷ್ಟರಲ್ಲಿ ಪ್ರೋಬ್ ನೆಲಕ್ಕೆ ಬಡಿದು ಚೂರು ಚೂರು.

ಇಲ್ಲಿ ಒಂದು ತಕರಾರಿದೆ. ರಿಮೋಟ್‌ಟೆಕ್‌ನಲ್ಲಿ ನಮ್ಮ ಆಜ್ಞೆ ಮಾತ್ರ ತಡ, ಕಾಣುವ ದೃಶ್ಯ ಮಾತ್ರ ಆ ಕ್ಷಣದ್ದೇ. ನಿಜದಲ್ಲಿ ಹಾಗಿರುತ್ತದಾ? 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಸಿಗ್ನಲ್ ಭೂಮಿಗೆ ಬರಲು ಸುಮಾರು 12 ನಿಮಿಷ ಬೇಕಿತ್ತು. ಬೆಂಗಳೂರಿನಲ್ಲಿ ಕೂತವರಿಗೆ ಸಿಕ್ಕಿದ್ದೆಲ್ಲ ಆಗಲೇ ಮುಗಿದುಹೋದ ಸುದ್ದಿ. ಅದಕ್ಕೇ ಆಜ್ಞೆಗಳನ್ನು ದಿನಗಳ ಮುಂಚೆಯೇ ನೌಕೆಗೆ ತುಂಬಿಟ್ಟಿದ್ದರು.

ಹಾಗೆ ತುಂಬಿಡುವುದಕ್ಕೆ ರಿಮೋಟ್‌ಟೆಕ್‌ನಲ್ಲೂ ಫ್ಲೈಟ್ ಕಂಪ್ಯೂಟರ್ ಇದೆ. ಇಷ್ಟು ಹೊತ್ತು ಎಂಜಿನ್ ಉರಿಸು, ಈ ದಿಕ್ಕಿಗೆ ತಿರುಗು ಅನ್ನಬಹುದು. ಕಕ್ಷೆ ಬದಲಿಸಲು ಧಾರಾಳ ಸಾಕು. ನೆಲ ಹತ್ತಿರ ಬಂದಾಗ ಉರಿಸು ಅನ್ನಲು ಮಾತ್ರ ದಾರಿಯಿಲ್ಲ.

ಅದನ್ನು ಕೊಟ್ಟಿದ್ದು ಕೆಓಎಸ್. ಪ್ರೋಬ್ ಒಳಗೇ ಓಡುವ ಪ್ರೋಗ್ರಾಂ ನಾವೇ ಬರೆಯುವ ಮಾಡ್ ಇದು. ಬರೆದ ಫೈಲನ್ನು ಸಂಪರ್ಕ ಇರುವಾಗಲೇ ಪ್ರೋಬ್‌ನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಬೇಕು. ಮೊದಲ ಸಲ ಎತ್ತರಕ್ಕೆ ‘ಆಲ್ಟಿಟ್ಯೂಡ್’ ಎಂದು ಬರೆದಿದ್ದೆ. ಅದು ಅಳೆಯುವುದು ಗ್ರಹದ ಸೊನ್ನೆ ಮಟ್ಟದಿಂದ. ನಾನಿಳಿಸಿದ್ದು ಗುಡ್ಡದ ಮೇಲೆ! ಇನ್ನೊಂದು ಪ್ರೋಬ್ ಹೋಯಿತು. ಕೆಳಗಿನ ನೆಲದಿಂದಲೇ ಅಳೆಯುವ ‘ಆಲ್ಟ್:ರೇಡಾರ್’ ಎಂದು ತಿದ್ದಿ ಮತ್ತೆ ಕಳಿಸಿದೆ. ಈ ಸಲ ಕೈ ಕಟ್ಟಿ ಕೂತು ನೋಡಿದೆ. ಕಾಲೂರಿ ನಿಂತಿತು. ಮೂರರಲ್ಲಿ ಎದೆ ಡವಡವ ಅಂದಿದ್ದು ಇದೊಂದರಲ್ಲೇ.

ಆದರೆ ಕೋಡ್ ಬರೆಯಬೇಕು ಅಂದರೆ ಅರ್ಧ ಜನ ಓಡಿಹೋಗುತ್ತಾರೆ, ಅಲ್ವಾ? ನನ್ನ ಗೇಮ್‌ನಲ್ಲಿ ಆಜ್ಞೆಯೂ ತಡ, ದೃಶ್ಯವೂ ತಡ. ಕೋಡ್ ಬದಲು ‘ನೆಲ ಇಷ್ಟು ದೂರ ಇದ್ದಾಗ ಇದನ್ನು ಮಾಡು’ ಅನ್ನುವ ಸಾಲುಗಳನ್ನು ಆರಿಸಿ ಜೋಡಿಸಿದರೆ ಸಾಕು. ಸದ್ಯಕ್ಕೆ ಆರು ಸಾಲು ಇಟ್ಟಿದ್ದೇನೆ. ತಮ್ಮನಿಗೆ ಆಡಲು ಕೊಟ್ಟರೆ ಎಂಟಾದರೂ ಬೇಕು ಅಂತ ಜಗಳಕ್ಕೆ ನಿಂತಿದ್ದಾನೆ.