ಮಲೆನಾಡಿನ ಮಳೆಗೆ ಟರ್ಬೊ ಕಾರು: ಮೂರು ಏರ್ ಫಿಲ್ಟರ್, ಎರಡು ಹೋಸ್

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಡಾಂಬರು ಬಿಟ್ಟು ಒಳಗೆ ಎರಡು ಕಿ.ಮೀ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಸರು. ಇಲ್ಲಿ ನಾನು 1.2 ಲೀಟರಿನ ಟರ್ಬೊ ಪೆಟ್ರೋಲ್ ಕಾರು ಓಡಿಸುತ್ತೇನೆ. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು. ಅಡಿಕೆ ಸುಲಿಯುವ ಶೆಡ್ಡಿನ ಒಂದು ಮೂಲೆಯೇ ನನ್ನ ಗ್ಯಾರೇಜು. ಪಿಕಪ್ ಜಾಸ್ತಿ ಮಾಡಬೇಕು ಅಂತ ಎರಡು ವರ್ಷದಲ್ಲಿ ಮೂರು ಬಗೆಯ ಏರ್ ಫಿಲ್ಟರ್ ಹಾಕಿ ನೋಡಿದೆ. ನಡುವೆ ಟರ್ಬೊ ಹೋಸ್, ಅಂದರೆ ಟರ್ಬೊ ಒತ್ತಿದ ಗಾಳಿ ಸಾಗುವ ಕೊಳವೆ, ಒಡೆದಿದ್ದರಿಂದ ಅದರಲ್ಲೂ ಎರಡು ಬಗೆ ನೋಡಿದ ಹಾಗಾಯಿತು.

ಮೊದಲು ಹಾಕಿದ್ದು ಡಬ್ಬಿಯಿಲ್ಲದ, ಶಂಕುವಿನ ಆಕಾರದ ಕೋನ್ ಫಿಲ್ಟರ್. ಕಾರಿನ ಜೊತೆ ಬಂದ ಫಿಲ್ಟರ್ ಡಬ್ಬಿಯನ್ನೇ ತೆಗೆದು, ಹೆಡ್‌ಲೈಟಿನ ಹಿಂದೆ ತಗ್ಗಿನಲ್ಲಿ ಕೂರಿಸಿದೆ. ಸದ್ದು ನಿಜಕ್ಕೂ ಚೆಂದ. ಆಕ್ಸಿಲರೇಟರ್ ಒತ್ತಿದರೆ ಟರ್ಬೊ ಗಾಳಿ ಎಳೆಯುವುದು ಕಿವಿಗೇ ಕೇಳುತ್ತದೆ. ಶಿವಮೊಗ್ಗ ರಸ್ತೆಯಲ್ಲಿ ಓಡಿಸಿ ತುಂಬಾ ಖುಷಿಪಟ್ಟೆ. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಗೊತ್ತಾಯಿತು. 14 ಹೇರ್‌ಪಿನ್ ತಿರುವು, ಮುಂದೊಂದು ಬಸ್ಸು, ವೇಗ 20ರ ಒಳಗೆ. ಮುಂದಿನಿಂದ ಗಾಳಿ ಬರುವುದಿಲ್ಲ. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಕೋನ್ ಎಳೆಯುತ್ತದೆ. ಕಾರಿನ ಕಂಪ್ಯೂಟರ್ ಓದುವ ಓಬಿಡಿ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಒಳಹೋಗುವ ಗಾಳಿ 58 ಡಿಗ್ರಿ. ಅದೇ ಘಾಟಿಯಲ್ಲಿ ಹಳೆಯ ಡಬ್ಬಿ ಇದ್ದಾಗ 43 ಇತ್ತು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಪೆಟ್ರೋಲ್ ತಾನಾಗೇ ಹೊತ್ತಿ ಇಂಜಿನ್ ಬಡಿಯದಿರಲಿ (ನಾಕಿಂಗ್) ಅಂತ ಕಂಪ್ಯೂಟರ್ ಕಿಡಿ ಹಾರಿಸುವುದನ್ನೂ ತಡ ಮಾಡುತ್ತದೆ. ಪಿಕಪ್ ಬೇಕಾದ ಏರಿನಲ್ಲೇ ಪಿಕಪ್ ಹೋಯಿತು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಪುನರ್ವಸು ಮಳೆ. ಒಂದು ಸಂಜೆ ಮನೆ ಹತ್ತಿರದ ಮೋರಿಯ ಮೇಲೆ ಮೊಣಕಾಲಿನಷ್ಟು ನೀರು ಹರಿಯುತ್ತಿತ್ತು. 'ಬ್ಯಾಡ ಮಾರಾಯ, ತಿರುಗ್ಸು' ಅಂದರು ಅಪ್ಪಯ್ಯ. ತಿರುಗಿಸಿದೆ. ಆ ಎತ್ತರದಲ್ಲಿ ಕೋನ್ ಒಂದೇ ಗುಟುಕು ನೀರು ಎಳೆದುಕೊಂಡಿದ್ದರೂ ಸಾಕಿತ್ತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗುವುದಿಲ್ಲ. ಸಿಲಿಂಡರಿಗೆ ನೀರು ನುಗ್ಗಿದರೆ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಬಿಚ್ಚಬೇಕು. ಮರುದಿನ ಬೆಳಿಗ್ಗೆಯೇ ಕೋನ್ ಬಿಚ್ಚಿಟ್ಟೆ.

ಆಮೇಲೆ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ತಂದೆ. ಇದು ಹಳೆಯ ಡಬ್ಬಿಯೊಳಗೇ ಕೂರುತ್ತದೆ, ತೊಳೆದು ಮತ್ತೆ ಬಳಸಬಹುದು. ಬಯಲುಸೀಮೆಯವರಿಗೆ ಒಳ್ಳೆಯದಿರಬಹುದು. ನಮ್ಮಲ್ಲಿ ತೊಂದರೆ ಒಂದೇ, ಒಣಗುವುದಿಲ್ಲ. ಪುಷ್ಯ ಮಳೆಯಲ್ಲಿ ಹೊದಿಕೆಯೇ ವಾರವಾದರೂ ಒಣಗುವುದಿಲ್ಲ, ಫಿಲ್ಟರ್ ಎಲ್ಲಿ ಒಣಗಬೇಕು? ಬಚ್ಚಲ ಒಲೆ ಹತ್ತಿರ ಇಡುವ ಹಾಗಿಲ್ಲ, ಬಿಸಿಗೆ ರಬ್ಬರ್ ಅಂಚು ಸೊಟ್ಟಗಾಗುತ್ತದೆ. ನಾಲ್ಕು ದಿನ ಕಾರು ಸುಮ್ನೆ ನಿಂತಿತು. ಒಣಗಿದ ಮೇಲೆ ಎಣ್ಣೆ ಹಚ್ಚುವುದೂ ನಾಜೂಕಿನ ಕೆಲಸ. ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟುತ್ತದೆ. ಇಷ್ಟು ಮಾಡಿ ಪಿಕಪ್ ಬಂತಾ? ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ನಾಲ್ಕು ಸಲ ಸಮಯ ಹಿಡಿದು ನೋಡಿದೆ. ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಈಗ ಇರುವುದು ಮಾಮೂಲಿ ಪೇಪರ್ ಫಿಲ್ಟರ್. ಶಿವರಾತ್ರಿ ಕಳೆದ ಮೇಲೆ ಒಂದು, ಮಳೆ ಹಿಡಿಯುವ ಮುಂಚೆ ಇನ್ನೊಂದು ಹೊಸದು ಹಾಕುತ್ತೇನೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಷ್ಟು ಬೇಗ ಹೇಳಿಲ್ಲ, ನಮ್ಮ ಧೂಳಿಗೆ ಬೇಕು. ಡಬ್ಬಿಯ ತಳದಲ್ಲಿ ನೀರು ಹೋಗಲು ಸಣ್ಣ ತೂತು ಇದ್ದರೆ ತರಗೆಲೆ ಕಟ್ಟಿಕೊಂಡಿದೆಯಾ ನೋಡಿ. ಅಡಿಕೆ ಕಾಲದಲ್ಲಿ ಇಲಿ ಅಲ್ಲೇ ಗೂಡು ಮಾಡುತ್ತದೆ.

ಇನ್ನು ಹೋಸ್. ಏರಿನಲ್ಲಿ 'ಸುಸ್' ಅನ್ನುವ ಸದ್ದು, ಎಳೆತ ಇಲ್ಲ, ಇಂಜಿನ್ ಲೈಟು ಬಂತು. ಸ್ಕ್ಯಾನರ್ ತೋರಿಸಿದ್ದು ಪಿ0299, ಅಂದರೆ ಟರ್ಬೊ ಒತ್ತಡ ಸಾಲುತ್ತಿಲ್ಲ. ಒಬ್ಬರು ಟರ್ಬೊನೇ ಬದಲಿಸಿ ಅಂದರು. ನಾನು ಒಪ್ಪಲಿಲ್ಲ. ಇಂಜಿನ್ ತಣ್ಣಗಾದ ಮೇಲೆ ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಪಿವಿಸಿ ಮುಚ್ಚಳ ಬಿಗಿದೆ. ಮುಚ್ಚಳದಲ್ಲಿ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಕಾಲು ಪಂಪಿನಿಂದ 10 ಪಿಎಸ್‌ಐ ತನಕ ಮಾತ್ರ ಗಾಳಿ ತುಂಬಿ, ಹೋಸುಗಳ ಮೇಲೆಲ್ಲ ಸೋಪು ನೀರು ಹಾಕಿದೆ. ಮುಚ್ಚಳದ ಎದುರು ನಿಲ್ಲಬೇಡಿ, ಹಾರುತ್ತದೆ. ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಜಾಲರಿ) ಹತ್ತಿರದ ರಬ್ಬರ್ ಹೋಸಿನ ಬಗ್ಗಿನಲ್ಲಿ ಗುಳ್ಳೆ ಎದ್ದಿತು, ಸೋರುತ್ತಿದ್ದುದು ಅಲ್ಲೇ.

ಮೊದಲು ನೀಲಿ ಸಿಲಿಕಾನ್ ಹೋಸ್ ಹಾಕಿದೆ. ಶಾಖ ತಡೆಯುವುದರಲ್ಲಿ ರಬ್ಬರಿಗಿಂತ ಗಟ್ಟಿ. ಆದರೆ ಟರ್ಬೊ ಗಾಳಿಯಲ್ಲಿ ಎಣ್ಣೆಯ ಹನಿ ಸ್ವಲ್ಪ ಇದ್ದೇ ಇರುತ್ತದೆ. ಬರೀ ಸಿಲಿಕಾನ್ ಅದನ್ನು ಹೀರಿ ಹೊರಗೆ ಬೆವರುತ್ತದೆ. ಎಂಟು ತಿಂಗಳಿಗೆ ಹೋಸ್ ಜಿಗುಟಾಗಿ ಕೆಂಪು ಧೂಳು ಮೆತ್ತಿಕೊಂಡಿತು. ಸ್ಕ್ರೂ ತಿರುಗಿಸುವ ಮಾಮೂಲಿ ಕ್ಲಿಪ್ಪಿನ ಪಟ್ಟಿಯಲ್ಲಿರುವ ಸೀಳುಗಳು ಅಂಚನ್ನೂ ಕುಯ್ದಿದ್ದವು. ಸಿಲಿಕಾನ್ ಹಾಕುವವರು ಒಳಗೆ ಎಣ್ಣೆ ಹೀರದ ಫ್ಲೋರೋಸಿಲಿಕಾನ್ ಪದರ ಇರುವುದನ್ನೇ ಕೇಳಿ, ಸೀಳಿಲ್ಲದ ಪಟ್ಟಿಯನ್ನು ಬೋಲ್ಟಿನಿಂದ ಬಿಗಿಯುವ ಟಿ-ಬೋಲ್ಟ್ ಕ್ಲಾಂಪ್ ಹಾಕಿ.

ನಾನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಆರ್ಡರ್ ಕೊಟ್ಟು, ಎಣ್ಣೆ ತಡೆಯುವ ಪದರದ ಮೂಲ ರಬ್ಬರ್ ಹೋಸನ್ನೇ ತರಿಸಿದೆ. ಸ್ಪ್ರಿಂಗ್ ಕ್ಲಾಂಪ್ ಜೊತೆಗೇ ಬಂತು. ಬಿಸಿಗೆ ಹೋಸ್ ಹಿಗ್ಗಿದರೂ ಕುಗ್ಗಿದರೂ ಅದರ ಹಿಡಿತ ಸಡಿಲವಾಗುವುದಿಲ್ಲ. ಹೋದ ವಾರ ಮತ್ತೆ ಸೋಪು ನೀರು ಹಾಕಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ.