ಮಂಡಕ್ಕಿ ಚೀಲ, ಎರಡು ಈಕೋ, ದುರ್ಗದ ಗಾಳಿ

ಮಂಡಕ್ಕಿ ಸಾಗಿಸುವವನಿಗೆ ತೂಕದ ಚಿಂತೆ ಇಲ್ಲ, ಜಾಗದ್ದೇ ಚಿಂತೆ. ಮಂಡಕ್ಕಿ ಹುರಿಯುವ ಭಟ್ಟಿಯ ಹುಡುಗ ಚೀಲವನ್ನು ಒಂದೇ ಕೈಲಿ ಎತ್ತಿ ಗಾಡಿಯೊಳಗೆ ಎಸೆಯುತ್ತಾನೆ. ಆದರೆ ಅದು ಒಳಗೆ ಕೂತರೆ ಒಬ್ಬ ದಪ್ಪ ಆಸಾಮಿ ಕೂತಷ್ಟು ಜಾಗ ತಿನ್ನುತ್ತದೆ. ಯಾವ ವ್ಯಾನ್ ಒಳ್ಳೇದು, ಯಾವ ಇಂಧನ ಅಗ್ಗ ಅಂತ ಯಾರು ಏನೇ ಹೇಳಲಿ, ನನ್ನ ಲೆಕ್ಕ ಶುರುವಾಗುವುದು ಈ ಚೀಲದಿಂದಲೇ.

ನನ್ನದು 2019ರ ಮಾರುತಿ ಈಕೋ ಕಾರ್ಗೋ ವ್ಯಾನ್, ಪೆಟ್ರೋಲ್. ನನ್ನ ಭಾಮೈದನದೂ ಅದೇ ವರ್ಷದ ಅದೇ ಗಾಡಿ, ಅದೇ 1196 ಸಿಸಿ ಎಂಜಿನ್. ಆದರೆ ಅವನು ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ಬರೆಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ ಎಲ್ಲಾ ಸರಿಯಾಗಿ ಮಾಡಿಕೊಂಡಿದ್ದಾನೆ. ನಾನು ವಾರಕ್ಕೆ ಮೂರು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮಂಡಕ್ಕಿ ಹೊಡೆಯುತ್ತೇನೆ, ಉಳಿದ ದಿನ ಊರೊಳಗೇ ಓಡಾಟ. ಅವನು ದಿನಾ ಹರಿಹರ, ರಾಣೆಬೆನ್ನೂರು, ಹಾವೇರಿ ಕಡೆ ಔಷಧಿ ಡಬ್ಬ ಹೊಡೆಯುತ್ತಾನೆ. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ ಒಂದೇ ಮಾತು: "ಭಾವ, ನೀವು ದುಡೀತಿರೋದು ಮನೆಗಲ್ಲ, ಪೆಟ್ರೋಲ್ ಬಂಕಿಗೆ."

ಸಾಕಾಯ್ತು. ಜೂನ್, ಜುಲೈ ಎರಡು ತಿಂಗಳು ಗಾಡಿ ಅದಲು ಬದಲು ಮಾಡಿಕೊಳ್ಳೋಣ ಅಂದೆ. ಕೀ ಕೊಟ್ಟು ಕೀ ತಗೊಂಡೆವು. ಒಬ್ಬೊಬ್ಬರ ಕೈಲೂ ಹತ್ತು ರೂಪಾಯಿಯ ಒಂದು ನೋಟ್‌ಬುಕ್.

ಅಳತೆ ಹೇಗೆ ಮಾಡಿದೆವು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಬೆಲೆ ಇಲ್ಲ. ಪೆಟ್ರೋಲ್ ಆದರೆ ಒಂದೇ ಬಂಕು, ಒಂದೇ ಪಂಪು, ನಾಜಲ್ ಮೊದಲ ಸಲ ಟಕ್ ಅಂತ ನಿಂತಾಗ ನಿಲ್ಲಿಸಬೇಕು. "ಅಣ್ಣ, ರೌಂಡ್ ಫಿಗರ್ ಮಾಡ್ಲಾ?" ಅಂದರೆ ಬೇಡ ಅನ್ನಬೇಕು. ಸಿಎನ್‌ಜಿಗೆ ಈ ಉಪಾಯ ನಡೆಯುವುದಿಲ್ಲ. ಗ್ಯಾಸು 200 ಬಾರ್ ಒತ್ತಡದಲ್ಲಿ ತುಂಬಬೇಕು. ಬಂಕಿನಲ್ಲಿ ಒತ್ತಡ ಇಳಿದಿದ್ದರೆ ಅಥವಾ ಬಿಸಿಲಿಗೆ ಸಿಲಿಂಡರ್ ಕಾದಿದ್ದರೆ ಕಮ್ಮಿ ಹಿಡಿಯುತ್ತದೆ. ಅವನ 60 ಲೀಟರ್ ಸಿಲಿಂಡರಿಗೆ ಒಂದು ಬೆಳಿಗ್ಗೆ 9.6 ಕೆಜಿ ಹೋಯ್ತು, ಇನ್ನೊಂದು ಮಧ್ಯಾಹ್ನ 8.1ಕ್ಕೇ ನಿಂತಿತು. ಒಂದು ಸಲ ತುಂಬಿಸಿ ಮೈಲೇಜ್ ಹೇಳುವವರನ್ನು ನಂಬಬೇಡಿ. ನಾನು ಎರಡು ತಿಂಗಳ ಕೆಜಿಯನ್ನೆಲ್ಲ ಕೂಡಿ, ಓಡಿದ ಕಿಲೋಮೀಟರನ್ನು ಅದರಿಂದ ಭಾಗ ಹಾಕಿದೆ.

ಬಂದದ್ದು ಇಷ್ಟು. ಪೆಟ್ರೋಲಿನಲ್ಲಿ ಲೀಟರಿಗೆ 15.2. ಗ್ಯಾಸಿನಲ್ಲಿ ಕೆಜಿಗೆ 21.4. ಲೆಕ್ಕಕ್ಕೆ ಪೆಟ್ರೋಲ್ 103 ರೂಪಾಯಿ, ಗ್ಯಾಸು 89 ಅಂತ ಹಿಡಿದಿದ್ದೇನೆ. ನಿಮ್ಮ ಬಂಕಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು 6.78 ರೂಪಾಯಿ, ಗ್ಯಾಸಿನದು 4.16. ವ್ಯತ್ಯಾಸ 2.62. ಭಾಮೈದ ಮೀಸೆ ತಿರುವಿದ.

ಆದರೆ ಅವನು ಒಂದು ಖರ್ಚನ್ನು ಯಾವತ್ತೂ ಬರೆದಿರಲಿಲ್ಲ. ಗ್ಯಾಸಿನ ಗಾಡಿ ಬೆಳಿಗ್ಗೆ ಪೆಟ್ರೋಲಿನಲ್ಲೇ ಶುರುವಾಗುತ್ತದೆ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಹೊರಳುತ್ತದೆ. ಊರೊಳಗೆ ಹತ್ತು ಕಡೆ ನಿಲ್ಲಿಸಿ ಹೊರಟರೆ ಅಷ್ಟಷ್ಟು ಪೆಟ್ರೋಲ್ ಸುಡುತ್ತದೆ. ನಾಲ್ಕು ಸಾವಿರ ಕಿಲೋಮೀಟರಿಗೆ 11 ಲೀಟರ್ ಹೋಗಿತ್ತು. ಅದನ್ನು ಸೇರಿಸಿದರೆ ಉಳಿತಾಯ ಕಿಲೋಮೀಟರಿಗೆ 2.34ಕ್ಕೆ ಇಳಿಯುತ್ತದೆ. ಪೆಟ್ರೋಲ್ ಹೇಗೂ ಬೇಡ ಅಂತ ಟ್ಯಾಂಕ್ ಒಣಗಿಸಲೂಬಾರದು. ಪಂಪು ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿಡುವುದು ಆ ಪೆಟ್ರೋಲೇ. ಕಾಲು ಟ್ಯಾಂಕ್ ಯಾವಾಗಲೂ ಇರಲಿ.

ಇನ್ನು ಚೀಲದ ಮಾತು. ನನ್ನ ಗಾಡಿಗೆ ಒಳಗೆ 14 ಚೀಲ ಹಿಡಿಯುತ್ತವೆ. ಅವನದರಲ್ಲಿ ಸಿಲಿಂಡರು ಸಾಮಾನಿನ ಜಾಗದಲ್ಲೇ ಕೂತಿದೆ, ಎಷ್ಟು ಒದ್ದರೂ 12ಕ್ಕಿಂತ ಹೋಗಲಿಲ್ಲ. ಚೀಲಕ್ಕೆ 40 ರೂಪಾಯಿ ಬಾಡಿಗೆ. ಎರಡು ಚೀಲ ಅಂದರೆ ಟ್ರಿಪ್ಪಿಗೆ 80 ರೂಪಾಯಿ ನಷ್ಟ. ದುರ್ಗಕ್ಕೆ ಹೋಗಿ, ಅಲ್ಲಿ ಅಂಗಡಿ ಅಂಗಡಿ ಸುತ್ತಿ ಬರುವುದಕ್ಕೆ 130 ಕಿಲೋಮೀಟರ್. ಗ್ಯಾಸು ಉಳಿಸಿದ್ದು 304, ಚೀಲ ಕಳೆದದ್ದು 80, ಕೈಗೆ 224. ಔಷಧಿ ಡಬ್ಬದವನಿಗೆ ಈ 80ರ ಕಾಟ ಇಲ್ಲ, ಅವನ ಗಾಡಿ ಅರ್ಧ ಖಾಲಿಯೇ ಹೋಗುತ್ತದೆ.

"ಮೇಲೆ ಕ್ಯಾರಿಯರ್ ಹಾಕ್ಕೊಳಿ ಭಾವ, ನಾಕು ಚೀಲ ಬರ್ತವೆ" ಅಂದ. ಇಲ್ಲಿ ನಾನು ಸುಮ್ನೆ ನಕ್ಕೆ. ಯಾಕಂದರೆ ಆ ಪರೀಕ್ಷೆ ಮೇ ತಿಂಗಳಲ್ಲೇ ನನ್ನ ಗಾಡಿಯಲ್ಲಿ ಮುಗಿದಿತ್ತು.

ಆರು ವರ್ಷ ಕ್ಯಾರಿಯರ್ ಹೊತ್ತೇ ಓಡಿಸಿದವನು ನಾನು. ಮೇಲೆ ನಾಲ್ಕು ಚೀಲ, ಟಾರ್ಪಾಲು, ಹಗ್ಗ. ಮೇ ತಿಂಗಳಲ್ಲಿ ಮೂರು ಟ್ರಿಪ್ ಅದರ ಜೊತೆ, ಮೂರು ಟ್ರಿಪ್ ಅದನ್ನು ಬಿಚ್ಚಿಟ್ಟು ಹೋದೆ. ಎರಡಕ್ಕೂ 65ರ ವೇಗ. ಕ್ಯಾರಿಯರ್ ಇಲ್ಲದೆ ಲೀಟರಿಗೆ 16.5. ಇದ್ದಾಗ 13.9. ಬರುವಾಗ ಮೇಲೆ ಚೀಲ ಇರದಿದ್ದರೂ ಖಾಲಿ ಕಬ್ಬಿಣವೇ ಗಾಳಿ ಹಿಡಿದು ಹುಯ್ಯೋ ಅನ್ನುತ್ತದೆ. 130 ಕಿಲೋಮೀಟರಿಗೆ ಹೆಚ್ಚು ಸುಟ್ಟ ಪೆಟ್ರೋಲ್ ಒಂದೂವರೆ ಲೀಟರ್ ಹತ್ತಿರ, ಅಂದರೆ 152 ರೂಪಾಯಿ. ನಾಲ್ಕು ಚೀಲದ ಬಾಡಿಗೆ 160. ಬಿಸಿಲಲ್ಲಿ ಮೇಲೆ ಹತ್ತಿ, ಹಗ್ಗ ಬಿಗಿದು, ಅಂಗೈ ಸುಲಿಸಿಕೊಂಡು ನಾನು ಸಂಪಾದಿಸಿದ್ದು ಎಂಟು ರೂಪಾಯಿ. ಒಂದು ಟೀ ಕೂಡ ಬರಲ್ಲ. ನೋಟ್‌ಬುಕ್ಕಿನಲ್ಲಿ ಆ ಎಂಟನ್ನು ಎರಡು ಸಲ ಕೂಡಿ ಕಳೆದು ನೋಡಿದೆ. ಎಂಟೇ.

ಗಾಳಿಯ ವಿಷಯ ಬಂತಲ್ಲ, ದುರ್ಗದ ದಾರಿಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಚಿತ್ರದುರ್ಗ ನಮ್ಮೂರಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹೋಗುವಾಗ ಏರು, ಬರುವಾಗ ಇಳಿಜಾರು. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ. ಹಾಗಾಗಿ ಬರುವಾಗ ಮೈಲೇಜ್ ಜಾಸ್ತಿ ಬರಬೇಕು, ಅಲ್ವಾ? ಮೇ ತಿಂಗಳಲ್ಲಿ ಹಾಗೇ ಬಂತು. ಹೋಗುವಾಗ 15.6, ಬರುವಾಗ 17.8. ಆಷಾಢದಲ್ಲಿ ಭಾಮೈದ ನನ್ನ ಪೆಟ್ರೋಲ್ ಗಾಡಿಯಲ್ಲಿ ಒಂದು ವಾರ ಇದೇ ದಾರಿ ಓಡಾಡಿದ. ಎರಡೂ ಕಡೆ ತುಂಬಿಸಿ ಬರೆದುಕೋ ಅಂದಿದ್ದೆ. ಹೋಗುವಾಗ 16.4, ಬರುವಾಗ 14.9! ತಪ್ಪು ಬರೆದಿದ್ದಾನೆ ಅಂತ ಬೈದೆ. ತಪ್ಪಲ್ಲ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈರುತ್ಯದ ಕಡೆಯಿಂದ. ನಾವು ದುರ್ಗದಿಂದ ದಾವಣಗೆರೆಗೆ ಬರುವುದು ವಾಯವ್ಯಕ್ಕೆ ಮುಖ ಮಾಡಿ. ಗಾಳಿ ಓರೆಯಾಗಿ ಮುಖಕ್ಕೇ ಹೊಡೆಯುತ್ತದೆ. ಈಕೋ ಮೂತಿ ಗೊತ್ತಲ್ಲ, ಬೀರು ನಿಲ್ಲಿಸಿದ ಹಾಗೆ. ಖಾಲಿ ಗಾಡಿ ಭರಮಸಾಗರದ ಹತ್ತಿರ ಪಕ್ಕಕ್ಕೆ ಎಳೆಯುವುದು ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ. ಈಗ ನಾನು ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ನೋಡಿ ಹೊರಡುತ್ತೇನೆ. ಅವು ಜೋರಾಗಿ ತಿರುಗುತ್ತಿದ್ದರೆ ನನ್ನ ಕಾಲು ಹಗುರ.

ಹಗುರ ಅಂದರೆ ಎಷ್ಟು? 60ಕ್ಕೂ 80ಕ್ಕೂ ಹೋಲಿಸಿದೆ. ನನ್ನದು ಹಳದಿ ಬೋರ್ಡು, ಸ್ಪೀಡ್ ಗವರ್ನರ್ ಇದೆ, 80ರ ಮೇಲೆ ಹೋಗುವ ಪ್ರಶ್ನೆಯೇ ಇಲ್ಲ. ಹೈವೇ ಮೇಲೆ 60 ಕಿಲೋಮೀಟರ್ ಅಳತೆ. ಐದನೇ ಗೇರಿನಲ್ಲಿ 60ರಲ್ಲಿ ಹೋದರೆ ಲೀಟರಿಗೆ 18, 80ರಲ್ಲಿ 14.5. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 60ರಿಂದ 80ಕ್ಕೆ ಹೋದರೆ ಇದ್ದದ್ದರ ಮೇಲೆ ಇನ್ನೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೇರುತ್ತದೆ. ಉಳಿಯುವುದು 15 ನಿಮಿಷ, ಕೊಡುವುದು 83 ರೂಪಾಯಿ. ಆ 15 ನಿಮಿಷ ದುರ್ಗದ ಗಾಂಧಿ ಸರ್ಕಲ್ ಹತ್ತಿರ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾಯುತ್ತಾ ಕೂತಿರುತ್ತೇನೆ. ಮದುವೆ ಆರ್ಡರ್ ಇದ್ದ ದಿನ ಬೇರೆ ಮಾತು.

ನ್ಯೂಟ್ರಲ್ ಬಿಡುವುದು, ಗೇರಿನಲ್ಲೇ ಇಳಿಯುವುದು, ಯಾವುದು ಒಳ್ಳೇದು? ನಮ್ಮಪ್ಪ ಕಾರ್ಬ್ಯುರೇಟರ್ ಓಮ್ನಿ ಓಡಿಸಿದವರು, ಇಳಿಜಾರು ಕಂಡರೆ ಕೈ ತಾನೇ ನ್ಯೂಟ್ರಲ್‌ಗೆ ಹೋಗುತ್ತಿತ್ತು. ಈಗಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿದ್ದು ಕಾಲು ತೆಗೆದರೆ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ನನ್ನ ಅಳತೆಯಲ್ಲಿ ಎರಡಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಬರಲಿಲ್ಲ. ಬಂದಿದ್ದರೂ ನ್ಯೂಟ್ರಲ್ ಬೇಡ, ಎಂಜಿನ್ ಹಿಡಿತ ಹೋಗುತ್ತದೆ. ಕೀ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಎರಡು ಮೂರು ಸಲ ತುಳಿದ ಮೇಲೆ ಬ್ರೇಕು ಕಲ್ಲಾಗುತ್ತದೆ, ನೆನಪಿರಲಿ. ಎಂಜಿನ್ ಆಫ್ ಮಾಡುವ ಆಸೆ ಇದ್ದರೆ ರೈಲ್ವೆ ಗೇಟಿನಂಥ ಕಡೆ ಮಾಡಿ. ಅಲ್ಲಿ ಗಾಡಿ ಬಂದ್ ಮಾಡದೆ ಕಾದ ಪೆಟ್ರೋಲಿನಲ್ಲಿ ನಾವು ಎಷ್ಟು ಸಲ ದುರ್ಗಕ್ಕೆ ಹೋಗಿ ಬರಬಹುದಿತ್ತೋ.

ಟೈರಿಗೆ ನೈಟ್ರೋಜನ್ನೋ ಮಾಮೂಲಿ ಗಾಳಿಯೋ? ಮಾಮೂಲಿ ಗಾಳಿಯಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ನೈಟ್ರೋಜನ್ ಇದೆ. ವಾರಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡಿಸಿ, ಮುಗೀತು.

ಗ್ಯಾರೇಜಿನ ಹೋಲಿಕೆಯಲ್ಲಿ ನಾನೇ ಪೆಟ್ಟು ತಿಂದವನು. ಹೋದ ವರ್ಷ ಮೈಲೇಜ್ ಇದ್ದಕ್ಕಿದ್ದ ಹಾಗೆ 11ಕ್ಕೆ ಬಿತ್ತು. ಒಂದು ದೊಡ್ಡ ಗ್ಯಾರೇಜಿನಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿ, ಇಂಜೆಕ್ಟರ್ ಕ್ಲೀನಿಂಗ್ ಅಂತ 1,800 ಕಿತ್ತರು. ಮತ್ತೆ 11. ಆಮೇಲೆ ನಮ್ಮ ಭಟ್ಟಿ ಹಿಂದಿನ ರಸ್ತೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬಾನೆಟ್ ಕಡೆ ನೋಡಲಿಲ್ಲ, ಎಂಜಿನ್ ಮೇಲಿರುವ ಸೀಟನ್ನೂ ಎತ್ತಲಿಲ್ಲ. "ಹತ್ತು ಕಿಲೋಮೀಟರ್ ಓಡಿಸ್ಕೊಂಡು ಬರ್ರಿ, ಬ್ರೇಕ್ ಜಾಸ್ತಿ ತುಳೀಬ್ಯಾಡ್ರಿ" ಅಂದರು. ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರು, ಮುಟ್ಟದೆ, ಎರಡು ಬೆರಳು ದೂರದಲ್ಲಿ. ಮೂರು ಕಡೆ ಬೆಚ್ಚಗೆ. ಹಿಂದಿನ ಎಡಗಡೆ ಚಕ್ರದ ಹತ್ತಿರ ಕೈ ಇಡುವುದಕ್ಕೇ ಆಗಲಿಲ್ಲ, ಒಲೆಯ ಹಾಗೆ ಶಾಖ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಡುತ್ತಿರಲಿಲ್ಲ. ತಿಂಗಳುಗಟ್ಟಲೆ ನಾನು ಬ್ರೇಕ್ ಹಿಡಿದುಕೊಂಡೇ ದುರ್ಗಕ್ಕೆ ಹೋಗಿ ಬಂದಿದ್ದೆ! ಕೇಬಲ್, ಕೂಲಿ ಎಲ್ಲ ಸೇರಿ 650. ವಾರಂಟಿ ಇರುವಷ್ಟು ದಿನ ಕಂಪನಿ ಸರ್ವಿಸ್ ಬಿಡಬೇಡಿ. ಆಮೇಲೆ ಹೀಗೆ ಅಂಗೈ ಹಿಡಿಯುವವರನ್ನು ಹುಡುಕಿಕೊಳ್ಳಿ.

ಗ್ಯಾಸಿನ ಗಾಡಿಯ ರಿಪೇರಿ ಬಗ್ಗೆ ಎರಡು ಮಾತು. ಸ್ಪಾರ್ಕ್ ಪ್ಲಗ್ ಬೇಗ ಸವೆಯುತ್ತದೆ, ನನಗಿಂತ ಅವನು ಬೇಗ ಬದಲಾಯಿಸುತ್ತಾನೆ. ಏರಿನಲ್ಲಿ ಎಳೆತ ಕಮ್ಮಿ, ಆನಗೋಡು ದಾಟಿದ ಮೇಲೆ ಲಾರಿ ಹಿಂದೆ ಹಾಕಬೇಕಾದರೆ ನಾಲ್ಕನೇ ಗೇರಿಗೆ ಇಳಿಸಲೇಬೇಕಾಯಿತು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಅವತ್ತು ಗಾಡಿ ನಿಲ್ಲುತ್ತದೆ, ಬಾಡಿಗೆ ಹೋಗುತ್ತದೆ. ಮತ್ತೆ ಗ್ಯಾಸ್ ಬಂಕಿನ ಕ್ಯೂ. ಬೆಳಿಗ್ಗೆ ಆರಕ್ಕೆ ಹೋದರೆ ಹತ್ತು ನಿಮಿಷ, ಸಂಜೆ ಹೋದರೆ ಆಟೋಗಳ ಹಿಂದೆ ಮುಕ್ಕಾಲು ಗಂಟೆ.

ಜುಲೈ ಕೊನೆಗೆ ಕೀ ವಾಪಸ್ ಬದಲಾಯಿಸಿಕೊಂಡು ಮನೆಯ ಕಟ್ಟೆ ಮೇಲೆ ಲೆಕ್ಕಕ್ಕೆ ಕೂತೆವು. ಕಿಟ್ಟಿಗೆ ಅವನು ಕೊಟ್ಟದ್ದು 62,000. ಅವನು ತಿಂಗಳಿಗೆ ನಾಲ್ಕು ಸಾವಿರ ಕಿಲೋಮೀಟರ್ ಓಡುತ್ತಾನೆ, ಏಳನೇ ತಿಂಗಳಿಗೆ ದುಡ್ಡು ವಾಪಸ್. ನಾನು ಎರಡು ಸಾವಿರ ಓಡುತ್ತೇನೆ, ಚೀಲದ ನಷ್ಟವೂ ಇದೆ, ನನಗೆ 17 ತಿಂಗಳು. ನನ್ನ ಎಂಜಿನ್ನು ಆಗಲೇ 1,60,000 ದಾಟಿದೆ, ಎಣ್ಣೆ ಸ್ವಲ್ಪ ಕುಡಿಯುತ್ತಿದೆ. ಅದಕ್ಕೆ ಈಗ ಕಿಟ್ ಹಾಕಿಸುವುದಿಲ್ಲ. ಮುಂದಿನ ಗಾಡಿ ತಗೊಂಡಾಗ ಕಂಪನಿಯಲ್ಲೇ ಸಿಎನ್‌ಜಿ ಹಾಕಿ ಬಂದದ್ದನ್ನು ನೋಡುತ್ತೇನೆ, ಅದೂ 14 ಚೀಲ ಹಿಡಿಸಿ ತೋರಿಸಿದರೆ ಮಾತ್ರ. ಶೋರೂಮಿಗೆ ಮಂಡಕ್ಕಿ ಚೀಲ ಹೊತ್ತುಕೊಂಡೇ ಹೋಗುವುದು ಅಂತ ಮಾತಾಗಿದೆ.

ಕ್ಯಾರಿಯರನ್ನು ಬಿಚ್ಚಿ ಮಾಳಿಗೆ ಮೇಲೆ ಇಟ್ಟಿದ್ದೆ. ನಮ್ಮ ಮನೆಯವರು ಅದರ ಮೇಲೆ ಸೀರೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಾರೆ.