ಪೋಲಾರ್ ಎಚ್10 ಎದೆಬೆಲ್ಟ್: ದಿನವಿಡೀ ಬಡಿತದ ಏರಿಳಿತ ನೋಡಲು ಎಷ್ಟು ಸೂಕ್ತ?

ಓಟ, ಸೈಕ್ಲಿಂಗ್ ಮಾಡುವವರ ನಡುವೆ ಪೋಲಾರ್ ಎಚ್10ಗೆ ಒಳ್ಳೆಯ ಹೆಸರಿದೆ. ಇಲ್ಲಿ ಅದನ್ನು ಬೇರೊಂದು ಕೆಲಸಕ್ಕೆ ತೂಗಿ ನೋಡಿದ್ದೇವೆ: ಎದ್ದಾಗಿನಿಂದ ಮಲಗುವವರೆಗೆ, ನಿದ್ದೆಯಲ್ಲೂ, ಹೃದಯ ಬಡಿತ ಹೇಗೆ ಏರಿ ಇಳಿಯುತ್ತದೆ ಎಂದು ತಿಳಿಯುವುದು. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಐದು ನಿಮಿಷ ಅಳೆಯುವವರಿಗೆ ಇದು ಧಾರಾಳವಾಗಿ ಸಾಕು. 24 ಗಂಟೆಯೂ ಕಟ್ಟಿಕೊಂಡಿರಬೇಕು ಎನ್ನುವವರಿಗೆ ಮಾತ್ರ ನಾವು ಇದನ್ನು ಸೂಚಿಸುವುದಿಲ್ಲ.

ಕೈಗಡಿಯಾರಗಳು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಹರಿವಿನಿಂದ ಬಡಿತ ಎಣಿಸುತ್ತವೆ. ಸುಮ್ಮನೆ ಕೂತಾಗ ಆ ಲೆಕ್ಕ ಬಹುಮಟ್ಟಿಗೆ ಸರಿ. ಕೈ ತಣ್ಣಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ ಕೆಡುತ್ತದೆ. ನಡೆಯುವಾಗ ಕೆಲವೊಮ್ಮೆ ಹೆಜ್ಜೆಯ ಗತಿಯನ್ನೇ ಬಡಿತವೆಂದು ತೋರಿಸಿಬಿಡುತ್ತವೆ. ಎಚ್10 ಹಿಡಿಯುವುದು ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ. ಹಾಗಾಗಿ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ, ಅಂದರೆ ಆರ್‌ಆರ್ ಅಂತರ, ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ ಸಿಗುತ್ತದೆ. ದಿನದ ಲಯ ನೋಡುವವರಿಗೆ ಬೇಕಾದದ್ದು ಇದೇ. ದೇಹದ ಗಡಿಯಾರದಿಂದಲೇ ಆಗುವ ಏರಿಳಿತ ನಿಮಿಷಕ್ಕೆ ಕೆಲವೇ ಬಡಿತಗಳಷ್ಟು. ಅಳತೆಯ ತಪ್ಪೇ ಅಷ್ಟಿದ್ದರೆ ಲಯ ಕಾಣುವುದೇ ಇಲ್ಲ.

ಆ ಗಡಿಯಾರ ಇರುವುದು ಮಿದುಳಿನ ಹೈಪೊಥಲಾಮಸ್‌ನಲ್ಲಿ. ರಾತ್ರಿ ಬಡಿತವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಬಿಗಿಯಾಗುತ್ತದೆ, ದೇಹದ ಉಷ್ಣತೆ ಇಳಿಯುತ್ತದೆ, ಬಡಿತವೂ ಇಳಿಯುತ್ತದೆ. ಸಾಮಾನ್ಯವಾಗಿ ತೀರ ಕಡಿಮೆಯಾಗುವುದು ರಾತ್ರಿಯ ಉತ್ತರಾರ್ಧದಲ್ಲಿ. ಎಚ್ಚರವಾಗುವ ಹೊತ್ತಿಗೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಏರಿ, ಎದ್ದ ಮೇಲೂ ಸುಮಾರು ಅರ್ಧ ಗಂಟೆ ಏರುತ್ತಲೇ ಇರುತ್ತದೆ. ಆದರೆ ಬೆಲ್ಟಿನ ಅಂಕಿ ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಬಡಿತದ ಗೆರೆ ದೇಹದ ಗಡಿಯಾರವೊಂದರದ್ದೇ ಅಲ್ಲ. ಮಲಗಿದ್ದವರು ಎದ್ದು ನಿಂತರೆ ಬಡಿತ 10ರಿಂದ 20 ಏರಬಹುದು. ಹೊಟ್ಟೆ ತುಂಬ ಉಂಡರೆ ಒಂದೆರಡು ಗಂಟೆ ಮೇಲೆಯೇ ಇರುತ್ತದೆ. ಮದ್ಯ ಕುಡಿದ ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 10 ಬಡಿತ ಹೆಚ್ಚು. ಇವೆಲ್ಲ ಗಡಿಯಾರದ ಪಾಲಿಗಿಂತ ದೊಡ್ಡವು ಎಂಬುದು ನೆನಪಿರಲಿ.

ಆದ್ದರಿಂದ ಅಳೆಯುವ ರೀತಿ ಒಂದೇ ಇರಬೇಕು. ಎದ್ದ ಕೂಡಲೇ, ಮಧ್ಯಾಹ್ನದ ಊಟಕ್ಕೆ ಮುಂಚೆ, ಇಳಿಹೊತ್ತಿನಲ್ಲಿ, ಮಲಗುವ ಮುಂಚೆ; ಪ್ರತಿಸಲವೂ ಅದೇ ಗಂಟೆಗೆ, ಅಂಗಾತ ಮಲಗಿ. ಕಾಫಿ, ಊಟ, ಓಡಾಟ ಮುಗಿದು ಎರಡು ಗಂಟೆಯಾದರೂ ಆಗಿರಲಿ. ಬೆಲ್ಟ್ ಕಟ್ಟಿ ಮೂರು ನಿಮಿಷ ಸುಮ್ಮನಿದ್ದು, ನಂತರದ ಐದು ನಿಮಿಷ ದಾಖಲಿಸಿ. ಎರಡು ವಾರ ಹೀಗೆ ಮಾಡಿ ಆಯಾ ಹೊತ್ತಿನ ಅಂಕಿಗಳ ಮಧ್ಯಕ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಅಂಕಿ) ತೆಗೆದರೆ ನಿಮ್ಮ ಲಯ ಸ್ಪಷ್ಟವಾಗಿ ಕಾಣುತ್ತದೆ. ಒಂದು ದಿನದ ಅಂಕಿ ಹಿಡಿದು ತೀರ್ಮಾನಕ್ಕೆ ಬರಬೇಡಿ.

ಕಟ್ಟುವುದರಲ್ಲೇ ಅರ್ಧ ಕೆಲಸ. ಬೆಲ್ಟಿನ ಒಳಮೈಯಲ್ಲಿರುವ ಎಲೆಕ್ಟ್ರೋಡ್‌ಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಸ್ನಾಯುವಿನ ಕೆಳಗೆ ಸುತ್ತಿ, ಸೆನ್ಸರ್ ನಟ್ಟನಡುವೆ ಬರುವಂತೆ ಹಾಕಿ. ಆಳವಾಗಿ ಉಸಿರೆಳೆದಾಗ ಜಾರಬಾರದು, ಕೊರೆಯಲೂ ಬಾರದು. ಬಡಿತ ಇದ್ದಕ್ಕಿದ್ದಂತೆ 180ಕ್ಕೆ ಹಾರಿ ಮತ್ತೆ 62ಕ್ಕೆ ಇಳಿದರೆ ಹೃದಯವನ್ನು ದೂರುವ ಮೊದಲು ಎಲೆಕ್ಟ್ರೋಡ್ ಮುಟ್ಟಿ ನೋಡಿ. ಒಣಗಿರುವ ಸಾಧ್ಯತೆಯೇ ಹೆಚ್ಚು. ಒಣಹವೆಯಲ್ಲಿ ಸಿಂಥೆಟಿಕ್ ಅಂಗಿ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತೂ ಹೀಗೇ ಮಾಡುತ್ತದೆ. ಇಸಿಜಿ ಜೆಲ್ ಸ್ವಲ್ಪ ಸವರಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ರಾತ್ರಿಯಿಡೀ ಕಟ್ಟಿಕೊಂಡು ಮಲಗುವುದೇ ಇದರ ಸೋಲು. ಬೆವರಿಲ್ಲದೆ ಎಲೆಕ್ಟ್ರೋಡ್ ಒಣಗುತ್ತದೆ, ಮಗ್ಗಲು ಬದಲಿಸಿದರೆ ಬೆಲ್ಟ್ ಸರಿಯುತ್ತದೆ, ಚರ್ಮ ಕೆರೆಯುತ್ತದೆ. ಒಂದು ಬಡಿತ ತಪ್ಪಿದರೂ ಎರಡು ಅಂತರಗಳು ಸೇರಿ ಒಂದಾಗಿ, ಬಡಿತದ ವ್ಯತ್ಯಯದ, ಅಂದರೆ ಆರ್‌ಆರ್ ಅಂತರ ಎಷ್ಟು ಬದಲಾಗುತ್ತದೆ ಎಂಬುದರ, ಲೆಕ್ಕ ಕೆಡುತ್ತದೆ. ರಾತ್ರಿಯ ಕನಿಷ್ಠ ಬಡಿತವಷ್ಟೇ ಬೇಕಿದ್ದರೆ ಕೈಗಡಿಯಾರವೇ ವಾಸಿ. ಆದರೆ ಕೈಗಡಿಯಾರದ 'ರೆಸ್ಟಿಂಗ್' (ವಿಶ್ರಾಂತಿಯ ಬಡಿತ) ಅಂಕಿಯನ್ನು ಬೆಲ್ಟಿನ ಅಂಕಿಗೆ ಹೋಲಿಸಬೇಡಿ. ಕೆಲವು ಕಂಪನಿಗಳು ನಿದ್ದೆಯ ಅಂಕಿಯಿಂದ, ಕೆಲವು ಎಚ್ಚರದಲ್ಲಿ ಸುಮ್ಮನಿದ್ದಾಗಿನ ಅಂಕಿಯಿಂದ ಅದನ್ನು ತೆಗೆಯುತ್ತವೆ.

ಬ್ಯಾಟರಿ ಸಿಆರ್2025, ಕಂಪನಿ ಹೇಳುವ ಬಾಳಿಕೆ 400 ಗಂಟೆ. ದಿನಕ್ಕೆ ಅರ್ಧ ಗಂಟೆಯ ಬಳಕೆಗೆ ತಿಂಗಳುಗಟ್ಟಲೆ ಬರುತ್ತದೆ, ನಿರಂತರ ಕಟ್ಟಿದರೆ 17 ದಿನವೂ ಬಾರದು. ಬಳಸಿದ ಮೇಲೆ ಸೆನ್ಸರನ್ನು ಬೆಲ್ಟಿನಿಂದ ಬಿಚ್ಚಿಡಿ. ಬೆಲ್ಟ್ ಒದ್ದೆಯಿದ್ದರೆ ಅದು ಚಾಲೂ ಆಗಿಯೇ ಉಳಿದು ಬ್ಯಾಟರಿ ತಿನ್ನುತ್ತದೆ, ಸೆನ್ಸರ್ ಕೂಡಿಸುವ ಲೋಹದ ಗುಂಡಿಗಳಿಗೂ ತುಕ್ಕು ಹತ್ತಬಹುದು. ಬೆಲ್ಟನ್ನು ಹರಿಯುವ ನೀರಿನಲ್ಲಿ ಜಾಲಿಸಿ ನೇತುಹಾಕಿ. ಆಗಾಗ 40 ಡಿಗ್ರಿಯಲ್ಲಿ ವಾಷಿಂಗ್ ಮೆಷಿನ್‌ಗೂ ಹಾಕಬಹುದು. ಬ್ಲೀಚ್, ಸಾಫ್ಟ್‌ನರ್, ಇಸ್ತ್ರಿ ಬೇಡ.

ಆ್ಯಪ್ ವಿಷಯದಲ್ಲಿ ತಕರಾರಿಲ್ಲ. ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ (ಕ್ರೀಡಾ ಉಪಕರಣಗಳು ಬಳಸುವ ಇನ್ನೊಂದು ನಿಸ್ತಂತು ಸಂಪರ್ಕ) ಎರಡೂ ಇರುವುದರಿಂದ ಬೇರೆಯವರ ಆ್ಯಪ್‌ಗಳೂ ಆರ್‌ಆರ್ ಅಂತರ ಓದುತ್ತವೆ. ಸೆನ್ಸರ್‌ನ ಒಳಗಿನ ಸ್ಮೃತಿಯಲ್ಲಿ ಒಂದೇ ಅವಧಿ ಹಿಡಿಯುತ್ತದೆ ಎಂಬುದು ಕೊರತೆ.

ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಗೆರೆ ಚಪ್ಪಟೆಯಾಗಿ ಕಾಣುತ್ತದೆ, ಅದು ಉಪಕರಣದ ದೋಷವಲ್ಲ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿಯೇ ಕೊಳ್ಳಲಿ. ತಲೆಸುತ್ತು, ಎದೆನೋವು, ಬಡಿತ ತಾಳತಪ್ಪುವುದು ಇದ್ದವರಿಗೆ ಬೇಕಿರುವುದು ಆಸ್ಪತ್ರೆಯ ಇಸಿಜಿ ಅಥವಾ ವೈದ್ಯರು ಕಟ್ಟಿಕೊಡುವ ಹೋಲ್ಟರ್ (ದಿನವಿಡೀ ಇಸಿಜಿ ದಾಖಲಿಸುವ ಉಪಕರಣ). ಈ ಬೆಲ್ಟ್ ಅದರ ಜಾಗ ತುಂಬುವುದಿಲ್ಲ.